ಸೈಲೆನ್ಸರ್ ಹೊಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ, ಮಂಗಳೂರು ಕಡೆಯ ಕಾರು ಮಾಲೀಕರು ಗ್ಯಾರೇಜಿನಲ್ಲಿ, ಫೋನಿನಲ್ಲಿ, ಮದುವೆ ಊಟದ ಪಂಕ್ತಿಯಲ್ಲೂ ಕೇಳುವ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಬರೆದಿದ್ದೇನೆ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಹೊಗೆಯ ಬಣ್ಣ ಅರ್ಧ ಉತ್ತರ ಮಾತ್ರ. ಅದು ಯಾವಾಗ ಬರುತ್ತದೆ ಅನ್ನುವುದು ಉಳಿದರ್ಧ. ಬಣ್ಣ ನೋಡಿದ ಕೂಡಲೇ ಇಂಜಿನ್ ಇಳಿಸಿದವರ ದುಡ್ಡು ಸುಮ್ನೆ ಹೋದದ್ದೇ ಜಾಸ್ತಿ.

## ಮೊದಲು ಗೊತ್ತಿರಬೇಕಾದ್ದು

ಹೊಗೆ ಬರ್ತಾ ಉಂಟು ಅಂದ್ರೆ ನೀವು ಮೊದಲು ಎಂತ ಕೇಳ್ತೀರಿ?

ಇಂಜಿನ್ ತಣ್ಣಗಿದ್ದಾಗಲೋ, ಬಿಸಿಯಾದ ಮೇಲೋ? ಒಂದು ಸಲ ಬುಸ್ಸೆಂದು ಬಂದು ನಿಲ್ಲುತ್ತದೋ, ಬರುತ್ತಲೇ ಇರುತ್ತದೋ? ಆಕ್ಸಿಲರೇಟರ್ ಒತ್ತಿ ಹಿಡಿದಾಗಲೋ, ಬಿಟ್ಟು ಮತ್ತೆ ಒತ್ತಿದಾಗಲೋ? ಇಂಜಿನ್ ಆಯಿಲ್ ಅಥವಾ ಕೂಲೆಂಟ್ (ಇಂಜಿನ್ ತಣ್ಣಗಿಡಲು ರೇಡಿಯೇಟರಿನಲ್ಲಿ ಓಡಾಡುವ ದ್ರವ) ಕಡಿಮೆ ಆಗುತ್ತಿದೆಯಾ? ಈ ಕೊನೆಯ ಪ್ರಶ್ನೆಗೆ ಹೆಚ್ಚಿನವರ ಬಳಿ ಉತ್ತರ ಇರುವುದಿಲ್ಲ. ಹಾಗಾಗಿ ಎರಡರ ಮಟ್ಟವನ್ನೂ ಇವತ್ತೇ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಎರಡು ವಾರ ಬಿಟ್ಟು, ಅದೇ ಜಾಗದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ತಣ್ಣಗಿರುವಾಗ ಮತ್ತೆ ನೋಡಿ.

ಇನ್ನೊಂದು ಸುಲಭದ ಪರೀಕ್ಷೆ ಉಂಟು. ಇಂಜಿನ್ ಓಡುತ್ತಿರುವಾಗ ಒಂದು ಬಿಳಿ ಟಿಶ್ಯೂ ಪೇಪರನ್ನು ಸೈಲೆನ್ಸರ್ ಬಾಯಿಂದ ಒಂದು ಗೇಣು ದೂರದಲ್ಲಿ ಅರ್ಧ ನಿಮಿಷ ಹಿಡಿಯಿರಿ. ಬರೀ ನೀರಿನ ಚುಕ್ಕಿ ಬಿದ್ದು, ಒಣಗಿದ ಮೇಲೆ ಕಲೆ ಉಳಿಯದಿದ್ದರೆ ಅದು ಆವಿ. ಬೆರಳಲ್ಲಿ ಉಜ್ಜಿದರೆ ಹಾರಿಹೋಗುವ ಕಪ್ಪು ಪುಡಿ ಇದ್ದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ. ಕಂದು ಬಣ್ಣದ ಅಂಟು ಕಲೆ ಬಿದ್ದು, ಕಾಗದ ಪಾರದರ್ಶಕ ಆದರೆ ಆಯಿಲ್. ಇದನ್ನು ಬಯಲಲ್ಲೇ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸುತ್ತಾ ಬಗ್ಗಿ ನಿಲ್ಲಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಬಿಳಿ, ನೀಲಿ, ಕಪ್ಪು ಅಂದ್ರೆ ಒಟ್ಟಾರೆ ಲೆಕ್ಕ ಎಂತ?

ಬಿಳಿ ಅಂದರೆ ನೀರಿನ ಆವಿ ಅಥವಾ ಕೂಲೆಂಟ್. ಡೀಸೆಲ್ ಗಾಡಿಯಾದರೆ ಉರಿಯದ ಡೀಸೆಲ್ ಕೂಡ ಆಗಬಹುದು. ನೀಲಿ ಅಂದರೆ ಇಂಜಿನ್ ಆಯಿಲ್ ಉರಿಯುತ್ತಿದೆ. ಕಪ್ಪು ಅಂದರೆ ಗಾಳಿಗಿಂತ ಇಂಧನ ಜಾಸ್ತಿ. ಸಂಜೆ ಬೆಳಕಿನಲ್ಲಿ ನೀಲಿಯೂ ಬಿಳಿಯ ಹಾಗೆ ಕಾಣುತ್ತದೆ. ಅದಕ್ಕೇ ಹಗಲಲ್ಲಿ, ಹಿಂದೆ ಕಪ್ಪು ಗೇಟೋ ಮರವೋ ಇರುವ ಕಡೆ ನೋಡಬೇಕು.

ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ, ಸೈಲೆನ್ಸರಿಂದ ನೀರೂ ತೊಟ್ಟಿಕ್ತದೆ. ಹೆಡ್ ಗ್ಯಾಸ್ಕೆಟ್ ಹೋಯ್ತಾ?

ಹೆಚ್ಚಿನ ಸಲ ಇಲ್ಲ. (ಹೆಡ್ ಗ್ಯಾಸ್ಕೆಟ್ ಅಂದರೆ ಇಂಜಿನ್ನಿನ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವಿನ ಸೀಲ್.) ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಸೈಲೆನ್ಸರ್ ತಣ್ಣಗಿರುವಾಗ ಆ ಆವಿ ಪೈಪಿನಲ್ಲೇ ನೀರಾಗುತ್ತದೆ, ಬಿಸಿಯಾದ ಮೇಲೆ ಕಣ್ಣಿಗೆ ಕಾಣದೆ ಹೋಗುತ್ತದೆ. ಸಿಎನ್‌ಜಿಯಲ್ಲಿ ನೀರಿನ ಪ್ರಮಾಣ ಇನ್ನೂ ಹೆಚ್ಚು.

ಬೆಂಗಳೂರಿನ ಚಳಿಯಲ್ಲಿ ಇದು ದಟ್ಟವಾಗಿ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಜುಲೈ ತಿಂಗಳ ಜಡಿಮಳೆಯ ಬೆಳಗ್ಗೆ, ಇಲ್ಲವೇ ಡಿಸೆಂಬರ್–ಜನವರಿಯ ಮುಂಜಾನೆ ಕಂಡರೆ ಸಹಜ. ನಾಲ್ಕೈದು ಕಿಲೋಮೀಟರ್ ಓಡಿದ ಮೇಲೆ ನಿಲ್ಲಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ, ಇಂಜಿನ್ ಬಿಸಿ ಇರುವಾಗ, ಬಿಳಿ ಹೊಗೆ ಬಿಡದೆ ಬರುತ್ತಿದೆ ಅಂದರೆ ಅದು ಆವಿ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಕಾರಿನ ಅಡಿಯಲ್ಲಿ ನೀರು ಬೀಳ್ತದೆ. ಅದೂ ಇದಕ್ಕೇ ಸಂಬಂಧವಾ?

ಬೆರಳಿಗೆ ತಗೊಂಡು ನೋಡಿ. ಬಣ್ಣ, ವಾಸನೆ, ಜಿಗುಟು ಇಲ್ಲದಿದ್ದರೆ ಅದು ಎಸಿ ನೀರು. ನಮ್ಮ ಸೆಕೆಗೆ ಅದು ಧಾರಾಳ ಬರುತ್ತದೆ. ಹಸಿರು, ಕೆಂಪು ಅಥವಾ ನೀಲಿ ಬಣ್ಣದ ಜಾರುವ ದ್ರವವಾದರೆ ಕೂಲೆಂಟ್. ಅದು ವಿಷ, ನಾಯಿ ಬೆಕ್ಕು ನೆಕ್ಕದ ಹಾಗೆ ತೊಳೆದುಬಿಡಿ.

ಹೊಗೆ ಸೈಲೆನ್ಸರಲ್ಲಿ ಅಲ್ಲ, ಬಾನೆಟ್ ಒಳಗಿಂದ ಬರ್ತದೆ.

ಅದು ಬೇರೆಯೇ ಕಥೆ. ವಾಲ್ವ್ ಕವರ್ ಗ್ಯಾಸ್ಕೆಟಿನಿಂದ ಆಯಿಲ್ ಸೋರಿ ಬಿಸಿ ಮ್ಯಾನಿಫೋಲ್ಡ್ ಮೇಲೆ ಬಿದ್ದರೆ ಹೊಗೆ ಬರುತ್ತದೆ. ಘಾಟಿ ಹತ್ತುವಾಗ ಅರ್ಧ ಕ್ಲಚ್ ಒತ್ತಿಕೊಂಡೇ ಹೋದರೆ ಕ್ಲಚ್ ಸುಟ್ಟ ವಾಸನೆ. ವಯರ್ ಸುಟ್ಟ ವಾಸನೆ ಬಂದರೆ ಮಾತ್ರ ಆ ಕ್ಷಣವೇ ಗಾಡಿ ನಿಲ್ಲಿಸಿ, ಎಲ್ಲರೂ ಇಳಿಯಿರಿ.

## ಬಿಳಿ ಹೊಗೆ

ಹೆಡ್ ಗ್ಯಾಸ್ಕೆಟ್ ಹೋಗಿದೆ ಅಂತ ಮೆಕ್ಯಾನಿಕ್ ಹೇಳ್ತಾರೆ. ನಂಬುವುದು ಹೇಗೆ?

ಬಿಚ್ಚುವ ಮೊದಲು ಸಾಕ್ಷಿ ಕೇಳಿ. ಹೊಗೆಗೆ ಸಿಹಿ ವಾಸನೆ ಇದೆಯಾ? ಹೊರಗೆ ಎಲ್ಲೂ ಸೋರಿಕೆ ಇಲ್ಲದೆ ಕೂಲೆಂಟ್ ಇಳಿಯುತ್ತಿದೆಯಾ? ಇಂಜಿನ್ ಓಡುವಾಗ ಕೂಲೆಂಟ್ ಬಾಟಲಿಯಲ್ಲಿ ಬಿಡದೆ ಗುಳ್ಳೆ ಏಳುತ್ತದಾ? ರಾತ್ರಿ ನಿಂತ ಗಾಡಿ ಬೆಳಗ್ಗೆ ಮಿಸ್ಸಿಂಗ್ ಹೊಡೆದು (ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಇಂಜಿನ್ ನಡುಗಿ) ಆಮೇಲೆ ಸರಿಯಾಗುತ್ತದಾ? ಒಂದು ಸ್ಪಾರ್ಕ್ ಪ್ಲಗ್ ಮಾತ್ರ ಉಳಿದವುಗಳಿಗಿಂತ ಸ್ವಚ್ಛವಾಗಿ, ತೊಳೆದ ಹಾಗೆ ಕಾಣುತ್ತದಾ? ಆ ಸಿಲಿಂಡರಿಗೆ ಕೂಲೆಂಟ್ ಇಳಿದು ಆವಿಯಾಗಿ ತೊಳೆಯುತ್ತಿದೆ ಅಂತ ಅರ್ಥ.

ಖಚಿತ ಮಾಡಿಕೊಳ್ಳಲು ಒಂದು ಕೆಮಿಕಲ್ ಟೆಸ್ಟ್ ಇದೆ. ರೇಡಿಯೇಟರ್ ಬಾಯಿಯ ಗಾಳಿಯನ್ನು ನೀಲಿ ದ್ರವದ ಮೂಲಕ ಎಳೆಯುತ್ತಾರೆ. ಸಿಲಿಂಡರಿನ ಹೊಗೆ ಕೂಲೆಂಟಿಗೆ ಸೇರಿದ್ದರೆ ದ್ರವ ಹಳದಿಗೆ ತಿರುಗುತ್ತದೆ. ಕೆಲವೇ ನಿಮಿಷದ ಕೆಲಸ. ಇದ್ಯಾವುದೂ ಮಾಡದೆ ಹೆಡ್ ಇಳಿಸೋಣ ಅಂದರೆ ಇನ್ನೊಂದು ಗ್ಯಾರೇಜಿಗೆ ಹೋಗಿ.

ಹೆಡ್ ಇಳಿಸಲೇಬೇಕಾದರೆ ಗ್ಯಾಸ್ಕೆಟ್ ಮಾತ್ರ ಬದಲಿಸಿ ಕೂರಿಸಬಾರದು. ಗ್ಯಾಸ್ಕೆಟ್ ಹೋಗುವುದು ಹೆಚ್ಚಾಗಿ ಇಂಜಿನ್ ಕಾದಿದ್ದಕ್ಕೆ. ಕಾದಾಗ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಿರುತ್ತದೆ. ನೇರ ಪಟ್ಟಿ, ಫೀಲರ್ ಗೇಜ್ ಇಟ್ಟು ಅಳೆದು, ಬೇಕಿದ್ದರೆ ಲೇತಿಗೆ ಕೊಟ್ಟು ಫೇಸಿಂಗ್ ಮಾಡಿಸಬೇಕು. ಕಾದದ್ದು ಯಾಕೆ ಅಂತಲೂ ಹುಡುಕಬೇಕು. ಫ್ಯಾನ್, ಥರ್ಮೋಸ್ಟಾಟ್, ವಾಟರ್ ಪಂಪ್, ಕಟ್ಟಿಕೊಂಡ ರೇಡಿಯೇಟರ್ ನೋಡದೆ ಬಿಟ್ಟರೆ ಹೊಸ ಗ್ಯಾಸ್ಕೆಟೂ ಅದೇ ದಾರಿ ಹಿಡಿಯುತ್ತದೆ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆಗೆಯಲೇಬೇಡಿ. ಒಳಗೆ ಒತ್ತಡದಲ್ಲಿರುವ ಕುದಿನೀರು ಮುಖಕ್ಕೇ ಚಿಮ್ಮುತ್ತದೆ.

ಆಯಿಲ್ ಮುಚ್ಚಳದ ಒಳಗೆ ಬೆಣ್ಣೆಯ ಹಾಗೆ ಬಿಳಿ ಕಟ್ಟಿದೆ. ಕೂಲೆಂಟ್ ಸೇರಿದೆ ಅಲ್ವಾ?

ಮಳೆಗಾಲದಲ್ಲಿ ಈ ಪ್ರಶ್ನೆ ತುಂಬಾ ಬರುತ್ತದೆ. ಮಣಿಪಾಲದಿಂದ ಉಡುಪಿಗೆ, ಕದ್ರಿಯಿಂದ ಹಂಪನಕಟ್ಟೆಗೆ ಅಂತ ನಾಲ್ಕಾರು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದೇ ಇಲ್ಲ. ಒಳಗಿನ ತೇವ ತಣ್ಣಗಿನ ಮುಚ್ಚಳಕ್ಕೆ ತಾಗಿ ಆಯಿಲ್ ಜೊತೆ ಬೆರೆತು ಹಾಗಾಗುತ್ತದೆ. ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತೆಗೆದು ನೋಡಿ. ಅದರಲ್ಲಿ ಆಯಿಲ್ ಶುದ್ಧವಾಗಿದ್ದು, ಕೂಲೆಂಟ್ ಮಟ್ಟವೂ ಇಳಿಯದಿದ್ದರೆ ಮುಚ್ಚಳ ಒರೆಸಿ, ಒಂದು ಭಾನುವಾರ ಕುಂದಾಪುರಕ್ಕೆ ಹೋಗಿ ಬನ್ನಿ. ಡಿಪ್‌ಸ್ಟಿಕ್‌ನಲ್ಲೂ ಹಾಲು ಹಾಕಿದ ಚಹಾದ ಬಣ್ಣ ಕಂಡರೆ ಇಂಜಿನ್ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.

ರೇಡಿಯೇಟರಿಗೆ ಬಾವಿ ನೀರು ಹಾಕ್ತಾ ಬಂದಿದ್ದೇವೆ. ಅದರಿಂದ ತೊಂದರೆ ಉಂಟಾ?

ಉಂಟು. ಸಮುದ್ರದ ಹತ್ತಿರದ ಬಾವಿಗಳಲ್ಲಿ ಬೇಸಗೆಗೆ ಉಪ್ಪಿನ ಅಂಶ ಬರುತ್ತದೆ. ಮುರಕಲ್ಲಿನ ನೆಲದ ನೀರು ಸ್ವಲ್ಪ ಹುಳಿ, ಕಬ್ಬಿಣದ ಅಂಶವೂ ಇರುತ್ತದೆ. ಎರಡೂ ಅಲ್ಯೂಮಿನಿಯಂ ಹೆಡ್ಡನ್ನು ತಿನ್ನುತ್ತವೆ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೆಸರು ಕಟ್ಟುತ್ತವೆ. ದಾರಿಯಲ್ಲಿ ಕಾದು ನಿಂತಾಗ ಗತಿ ಇಲ್ಲದೆ ಹಾಕಬಹುದು. ಊರು ತಲುಪಿದ ಮೇಲೆ ಎಲ್ಲ ಖಾಲಿ ಮಾಡಿ, ಕೂಲೆಂಟ್ ಮತ್ತು ಡಿಸ್ಟಿಲ್ಡ್ ವಾಟರ್ ಕಂಪನಿ ಹೇಳಿದ ಅಳತೆಯಲ್ಲಿ ತುಂಬಿಸಿ.

ಕೊಟ್ಟಾರ ಚೌಕಿಯಲ್ಲಿ ನೀರಿಗೆ ಇಳಿಸಿದ ಮೇಲೆ ಬಿಳಿ ಹೊಗೆ ಬರ್ತಾ ಉಂಟು. ಎಂತ ಮಾಡುದು?

ಗಾಡಿ ನಿಲ್ಲದೆ ದಾಟಿ ಬಂದಿದ್ದರೆ ಅದು ಸೈಲೆನ್ಸರಿಗೆ ನುಗ್ಗಿದ ನೀರು. ಕಾಲು ಗಂಟೆ ಓಡಿದರೆ ಒಣಗುತ್ತದೆ. ನೀರಿನ ನಡುವೆ ಆಫ್ ಆಗಿದ್ದರೆ ಮಾತ್ರ ಮತ್ತೆ ಕೀ ತಿರುಗಿಸಬೇಡಿ. ಗಾಳಿ ಎಳೆಯುವ ದಾರಿಯಲ್ಲಿ ಸಿಲಿಂಡರಿಗೆ ನೀರು ಹೋಗಿದ್ದರೆ, ಪಿಸ್ಟನ್ ಅದನ್ನು ಒತ್ತಿ ಕುಗ್ಗಿಸಲಾರದು. ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ತಳ್ಳಿ ಹೊರಗೆ ತಂದು, ಏರ್ ಫಿಲ್ಟರ್ ಒದ್ದೆಯಾಗಿದೆಯಾ ನೋಡಿಸಿ. ಒದ್ದೆಯಾಗಿದ್ದರೆ ಪ್ಲಗ್ ಬಿಚ್ಚಿ ನೀರು ಹೊರಹಾಕಿದ ಮೇಲೆಯೇ ಸ್ಟಾರ್ಟ್.

## ನೀಲಿ ಹೊಗೆ

ಬೆಳಗ್ಗೆ ಒಂದು ಸಲ ಬುಸ್ ಅಂತ ನೀಲಿ ಬರ್ತದೆ, ಮತ್ತೆ ಇಡೀ ದಿನ ಇಲ್ಲ. ರಿಂಗ್ ಹೋಗಿದೆ ಅಂತಾರೆ.

ರಿಂಗ್ ಅಂದರೆ ಪಿಸ್ಟನ್ ಸುತ್ತ ಕೂರುವ ಬಳೆ. ನನಗೆ ಅನುಮಾನ ವಾಲ್ವ್ ಸೀಲ್ ಮೇಲೆ, ಅಂದರೆ ಹೆಡ್ಡಿನ ಆಯಿಲ್ ವಾಲ್ವ್ ಪಕ್ಕದಿಂದ ಸಿಲಿಂಡರಿಗೆ ಇಳಿಯದ ಹಾಗೆ ತಡೆಯುವ ರಬ್ಬರ್ ಮೇಲೆ. ರಾತ್ರಿಯಿಡೀ ಹೆಡ್ಡಿನಲ್ಲಿ ನಿಂತ ಆಯಿಲ್, ಗಟ್ಟಿಯಾಗಿ ಹೋದ ಸೀಲಿನ ಪಕ್ಕದಿಂದ ತೊಟ್ಟುತೊಟ್ಟಾಗಿ ಇಳಿಯುತ್ತದೆ. ಬೆಳಗ್ಗೆ ಅಷ್ಟೂ ಒಮ್ಮೆಗೇ ಉರಿಯುತ್ತದೆ. ರಿಂಗ್ ಸವೆದಿದ್ದರೆ ಇಂಜಿನ್ ಬಿಸಿಯಾದ ಮೇಲೂ, ಅದರಲ್ಲೂ ಎಳೆಯುವಾಗ, ಹೊಗೆ ಬರುತ್ತದೆ. ಖರ್ಚಿನಲ್ಲಿ ಅಜಗಜಾಂತರ. ಸೀಲಿನ ಬೆಲೆ ಕಡಿಮೆ, ಕೂಲಿ ಜಾಸ್ತಿ. ಎಷ್ಟೋ ಇಂಜಿನ್‌ಗಳಲ್ಲಿ ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದ ಹಾಗೆ ಹಿಡಿದು, ಹೆಡ್ ಇಳಿಸದೆಯೇ ಸೀಲ್ ಬದಲಿಸಬಹುದು. ರಿಂಗ್ ಅಂದರೆ ಪೂರ್ತಿ ಇಂಜಿನ್ ಕೆಲಸ.

ಆಗುಂಬೆ ಘಾಟಿ ಇಳಿದು ಸೋಮೇಶ್ವರದಲ್ಲಿ ಆಕ್ಸಿಲರೇಟರ್ ಕೊಟ್ಟ ಕೂಡಲೇ ಹಿಂದೆ ನೀಲಿ ಮೋಡ. ಉಳಿದ ಕಡೆ ಇಲ್ಲ.

ನೀವು ಗೊತ್ತಿಲ್ಲದೆಯೇ ಒಳ್ಳೆಯ ಪರೀಕ್ಷೆ ಮಾಡಿದ್ದೀರಿ. ಹದಿನಾಲ್ಕು ತಿರುವು ಇಳಿಯುವಾಗ ಕಾಲು ಆಕ್ಸಿಲರೇಟರ್ ಮೇಲೆ ಇರುವುದಿಲ್ಲ, ಗಾಡಿ ಗೇರಿನಲ್ಲಿರುತ್ತದೆ. ಪೆಟ್ರೋಲ್ ಇಂಜಿನಿನಲ್ಲಿ ಆಗ ಥ್ರಾಟಲ್ (ಗಾಳಿ ಬಿಡುವ ಬಾಗಿಲು) ಮುಚ್ಚಿ, ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ ಜೋರು ವ್ಯಾಕ್ಯೂಮ್ ಆಗುತ್ತದೆ. ಆ ಸೆಳೆತಕ್ಕೆ ವಾಲ್ವ್ ಗೈಡಿನ ಪಕ್ಕದಿಂದ ಆಯಿಲ್ ಒಳಗೆ ಬರುತ್ತದೆ. ಕೆಳಗೆ ಬಂದು ಒತ್ತಿದಾಗ ಸೇರಿದ್ದೆಲ್ಲ ಉರಿಯುತ್ತದೆ. ವಾಲ್ವ್ ಸೀಲ್ ಅಥವಾ ಗೈಡ್ ಸವೆದಿರುವುದಕ್ಕೆ ಇದು ಬಲವಾದ ಸೂಚನೆ.

ಬೇಕಂತಲೇ ಪರೀಕ್ಷೆ ಮಾಡುವವರು ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಇಳಿಯುವಾಗ ಹಿಂದಿನ ಗಾಡಿಯಲ್ಲಿ ಗೆಳೆಯನನ್ನು ಕೂರಿಸಿ ನೋಡಲು ಹೇಳಿ. ಕನ್ನಡಿಯಲ್ಲಿ ನೋಡುತ್ತಾ ತಿರುವು ತೆಗೆಯಬೇಡಿ, ಮಾರಾಯ್ರೇ. ಡೀಸೆಲ್ ಗಾಡಿಗೆ ಈ ಲೆಕ್ಕ ಸರಿಯಾಗಿ ಕೂರುವುದಿಲ್ಲ, ಅದರಲ್ಲಿ ಅಂಥ ವ್ಯಾಕ್ಯೂಮ್ ಆಗುವುದಿಲ್ಲ.

ದುಬೈಯಿಂದ ರಜೆಗೆ ಬಂದು, ವರ್ಷ ಪೂರ್ತಿ ಶೆಡ್ಡಲ್ಲಿದ್ದ ಕಾರು ಸ್ಟಾರ್ಟ್ ಮಾಡಿದೆ. ಊರೆಲ್ಲ ಹೊಗೆ. ಹೋಗುವಾಗ ಸರಿ ಇತ್ತು.

ಕಾಪು, ಪಡುಬಿದ್ರಿ, ಸುರತ್ಕಲ್ ಕಡೆ ಇದು ಪ್ರತಿ ವರ್ಷದ ಮಾತು. ಹೆದರಿ ಇಂಜಿನ್ ಕೆಲಸಕ್ಕೆ ಬಿಡಬೇಡಿ. ನಿಂತ ಗಾಡಿಯಲ್ಲಿ ಸಿಲಿಂಡರ್ ಗೋಡೆಯ ಆಯಿಲ್ ಪದರ ಇಳಿದುಹೋಗಿ, ಉಪ್ಪುಗಾಳಿ ಮತ್ತು ತೇವಕ್ಕೆ ಸಣ್ಣ ತುಕ್ಕು ಹಿಡಿಯುತ್ತದೆ. ರಿಂಗುಗಳು ಪಿಸ್ಟನ್ನಿನ ತಮ್ಮ ಕಚ್ಚಿನಲ್ಲೇ ಅಂಟಿಕೊಳ್ಳುತ್ತವೆ. ಹೊಸ ಆಯಿಲ್, ಹೊಸ ಫಿಲ್ಟರ್ ಹಾಕಿ ಕೆಲವು ದಿನ ಹೆದ್ದಾರಿಯಲ್ಲಿ ಹದವಾಗಿ ಓಡಿಸಿದರೆ ಎಷ್ಟೋ ಸಲ ರಿಂಗ್ ಬಿಡಿಸಿಕೊಂಡು ಹೊಗೆ ನಿಲ್ಲುತ್ತದೆ.

ಸ್ಟಾರ್ಟ್ ಮಾಡುವ ಮೊದಲು ಏರ್ ಫಿಲ್ಟರ್ ಡಬ್ಬಿ ತೆಗೆದು ನೋಡಿ. ಇಲಿ ಅಲ್ಲಿ ಗೂಡು ಕಟ್ಟಿರುತ್ತದೆ: ತೆಂಗಿನ ನಾರು, ಹರಿದ ಬಟ್ಟೆ, ಬಾನೆಟ್ಟಿನ ಫೋಮ್. ಗಾಳಿ ಕಟ್ಟಿಕೊಂಡು ಕಪ್ಪು ಹೊಗೆ ಬಂದರೆ ಅದಕ್ಕೆ ಇಂಜಿನ್ ಹೊಣೆಯಲ್ಲ. ಹಳೇ ಪೆಟ್ರೋಲನ್ನೂ ತೆಗೆಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ತೇವವನ್ನು ಎಳೆದುಕೊಳ್ಳುತ್ತದೆ. ಮನೆಯವರಿಗೆ ಹದಿನೈದು ದಿನಕ್ಕೊಮ್ಮೆ ಐದು ನಿಮಿಷ ಸ್ಟಾರ್ಟ್ ಮಾಡಿ ಅಂತ ಹೇಳಿ ಹೋಗುವುದರಿಂದ ಉಪಕಾರಕ್ಕಿಂತ ಅಪಕಾರವೇ ಜಾಸ್ತಿ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಲು ಹೇಳಿ, ಇಲ್ಲವೇ ಮುಟ್ಟಬೇಡಿ ಅನ್ನಿ.

ಆಯಿಲ್ ಸ್ವಲ್ಪ ಜಾಸ್ತಿ ಹಾಕಿದ್ರೆ ಒಳ್ಳೇದಲ್ವಾ?

ಅಲ್ಲ. ಮಟ್ಟ ತೀರಾ ಹೆಚ್ಚಾದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ಬ್ರೀದರ್ (ಇಂಜಿನ್ ಒಳಗಿನ ಗಾಳಿ ಹೊರಬಿಡುವ ಪೈಪ್) ಮೂಲಕ ಇನ್‌ಟೇಕಿಗೆ ಹೋಗಿ ನೀಲಿ ಹೊಗೆ ಬರುತ್ತದೆ. ಸರ್ವಿಸ್ ಮಾಡಿಸಿದ ಮರುದಿನವೇ ಹೊಗೆ ಶುರುವಾಗಿದ್ದರೆ ಮೊದಲು ಡಿಪ್‌ಸ್ಟಿಕ್ ನೋಡಿ. ಆ ಗಾಳಿಯನ್ನು ಹದವಾಗಿ ಬಿಡುವ ಪಿಸಿವಿ ವಾಲ್ವ್ ಕೆಟ್ಟರೂ ಇದೇ ಲಕ್ಷಣ. ಸಣ್ಣ ಭಾಗ, ಆದರೆ ಬದಲಿಸಿ ನೋಡುವವರು ಕಡಿಮೆ.

ಎಷ್ಟು ಆಯಿಲ್ ಕುಡಿದ್ರೆ ಸಹಜ?

ಕೆಲವು ಕಂಪನಿಗಳು 1000 ಕಿಲೋಮೀಟರಿಗೆ ಅರ್ಧ ಲೀಟರ್ ತನಕ ಸಹಜ ಅನ್ನುತ್ತವೆ. ನನ್ನ ಮಟ್ಟಿಗೆ ಅದು ತುಂಬಾ ಉದಾರ ಲೆಕ್ಕ. ಎರಡು ಸರ್ವಿಸ್ ನಡುವೆ ಡಿಪ್‌ಸ್ಟಿಕ್ ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಬಾರದಿದ್ದರೆ ಆರಾಮಾಗಿರಿ. ಅದಕ್ಕಿಂತ ಹೆಚ್ಚು ಕುಡಿದರೆ ಹೊಗೆ ಕಾಣದಿದ್ದರೂ ತಪಾಸಣೆ ಮಾಡಿಸಿ. ಈಗಿನ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸ್ವಲ್ಪ ಹೊಗೆಯನ್ನು ನುಂಗಿ ಮುಚ್ಚಿಡುತ್ತದೆ, ಕೊನೆಗೆ ತಾನೇ ಕೆಡುತ್ತದೆ.

ಹೊಗೆ ನಿಲ್ಲಿಸುವ ಬಾಟಲಿ, ದಪ್ಪ ಆಯಿಲ್ ಹಾಕಿದ್ರೆ ಆಗ್ತದಾ?

ಹೆಚ್ಚಿನವು ಆಯಿಲನ್ನು ದಪ್ಪ ಮಾಡುತ್ತವೆ, ಅಷ್ಟೇ. ಹಳೇ ಗಾಡಿಯಲ್ಲಿ ಕೆಲ ತಿಂಗಳು ತಳ್ಳಬಹುದು. ಹೊಸ ಇಂಜಿನ್‌ಗೆ ತೆಳು ಆಯಿಲೇ ಬೇಕು, ದಪ್ಪ ಹಾಕಿದರೆ ಬೆಳಗ್ಗೆ ಮೇಲಿನ ಭಾಗಕ್ಕೆ ತಡವಾಗಿ ತಲುಪುತ್ತದೆ.

## ಕಪ್ಪು ಹೊಗೆ ಮತ್ತು ಡೀಸೆಲ್

ಪೆಟ್ರೋಲ್ ಕಾರಿಗೂ ಕಪ್ಪು ಹೊಗೆ ಬರ್ತದಾ?

ಬರುತ್ತದೆ. ಮೈಲೇಜ್ ಇಳಿದು, ಪ್ಲಗ್ ಮಸಿಯಾಗಿ, ಹಸಿ ಪೆಟ್ರೋಲ್ ವಾಸನೆ ಬಂದರೆ ಇಂಧನ ಜಾಸ್ತಿ ಹೋಗುತ್ತಿದೆ. ಮೊದಲು ಏರ್ ಫಿಲ್ಟರ್. ಆಮೇಲೆ ಇಂಜೆಕ್ಟರ್ ಸೋರಿಕೆ, ಆಕ್ಸಿಜನ್ ಸೆನ್ಸರ್, ಗಾಳಿ ಅಳೆಯುವ ಸೆನ್ಸರ್.

ಮಣಿಪಾಲದ ಏರಿನಲ್ಲಿ ನನ್ನ ಡೀಸೆಲ್ ಕಾರು ಮಲ್ಪೆ ಬೋಟಿನ ಹಾಗೆ ಕಪ್ಪು ಹೊಗೆ ಬಿಡ್ತದೆ.

ಪಿಕಪ್ ಕೂಡ ಕಡಿಮೆಯಾಗಿದೆಯಾ? ಒತ್ತಿದಾಗ ಸುಸ್ ಅಂತ ಗಾಳಿ ಹೋಗುವ ಸದ್ದು ಕೇಳುತ್ತದಾ? ಹಾಗಿದ್ದರೆ ಟರ್ಬೋದಿಂದ (ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಆ ಗಾಳಿ ತಣಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಸೀಳಿದೆ ಅಥವಾ ಕ್ಲಾಂಪ್ ಸಡಿಲ ಆಗಿದೆ. ಸೀಳು ಹೆಚ್ಚಾಗಿ ಹೋಸಿನ ಅಡಿಭಾಗದಲ್ಲಿ ಇರುತ್ತದೆ, ನಿಂತ ಗಾಡಿಯಲ್ಲಿ ಕಾಣುವುದಿಲ್ಲ. ಕೈಯಲ್ಲಿ ಹಿಂಡಿ, ತಿರುಚಿ ನೋಡಬೇಕು. ಆಯಿಲ್ ಹತ್ತಿ ಒದ್ದೆಯಾದ ಜಾಗವೇ ಸುಳಿವು.

ಪಿಕಪ್ ಸರಿ ಇದ್ದು ಹೊಗೆ ಮಾತ್ರ ಇದ್ದರೆ ಇಜಿಆರ್ ವಾಲ್ವ್ (ಸ್ವಲ್ಪ ಹೊಗೆಯನ್ನು ಮತ್ತೆ ಇಂಜಿನ್‌ಗೆ ಕಳಿಸುವ ವಾಲ್ವ್) ಮಸಿ ಕಟ್ಟಿ ತೆರೆದೇ ನಿಂತಿರಬಹುದು, ಅಥವಾ ಇಂಜೆಕ್ಟರ್ ಸರಿಯಾಗಿ ಸಿಂಪಡಿಸುತ್ತಿಲ್ಲ. ಇಂಜೆಕ್ಟರುಗಳ ರಿಟರ್ನ್ ಪೈಪಿಗೆ ಒಂದೊಂದು ಸಣ್ಣ ಬಾಟಲಿ ಕಟ್ಟಿ ಓಡಿಸಿ ನೋಡಿ ಅಂತ ಹೇಳಿ. ಒಂದರಲ್ಲಿ ಮಾತ್ರ ಡೀಸೆಲ್ ತುಂಬಾ ಹೆಚ್ಚು ಬಂದರೆ ಆ ಇಂಜೆಕ್ಟರ್ ಒಳಗೇ ಸೋರುತ್ತಿದೆ. ನಾಲ್ಕನ್ನೂ ಬದಲಿಸುವ ಮೊದಲು ಈ ಬಾಟಲಿ ಲೆಕ್ಕ ನೋಡಿ.

ಡೀಸೆಲ್ ಕಾರು ಬೆಳಗ್ಗೆ ಕಷ್ಟದಲ್ಲಿ ಸ್ಟಾರ್ಟ್ ಆಗ್ತದೆ, ಕಣ್ಣು ಉರಿಯುವ ಬಿಳಿ ಹೊಗೆ.

ಅದು ಉರಿಯದ ಡೀಸೆಲ್. ಕಾರಣ ಗ್ಲೋ ಪ್ಲಗ್ (ಸ್ಟಾರ್ಟ್ ಮಾಡುವಾಗ ಸಿಲಿಂಡರ್ ಬಿಸಿ ಮಾಡುವ ಕಡ್ಡಿ), ಇಂಜೆಕ್ಟರ್ ಅಥವಾ ಕಡಿಮೆ ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವ ಒತ್ತಡ). ನಮ್ಮ ಊರಿನ ಸೆಕೆಯಲ್ಲಿ ಗ್ಲೋ ಪ್ಲಗ್ ಕೆಟ್ಟರೂ ಎಷ್ಟೋ ಗಾಡಿ ಸ್ಟಾರ್ಟ್ ಆಗುತ್ತವೆ. ಹಾಗಾಗಿ ಇಲ್ಲಿ ಈ ಲಕ್ಷಣ ಕಂಡರೆ ಉಳಿದೆರಡನ್ನೂ ನೋಡಿಸಿ.

ನನ್ನದು ಬಿಎಸ್6 ಡೀಸೆಲ್. ಸ್ವಲ್ಪ ಕಪ್ಪು ಬಂದ್ರೆ ಪರವಾಗಿಲ್ವಾ?

ಇಲ್ಲ. 2020ರ ಏಪ್ರಿಲ್ 1ರಿಂದ ಬಂದ ಬಿಎಸ್6 (ಹೊಗೆಯ ಮಿತಿ ಹೇಳುವ ಸರಕಾರಿ ಮಾನದಂಡ) ಡೀಸೆಲ್ ಕಾರುಗಳಲ್ಲಿ ಡಿಪಿಎಫ್ ಅನ್ನುವ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಸೈಲೆನ್ಸರ್ ಬಾಯಿಗೆ ಬೆರಳು ಹಾಕಿದರೂ ಮಸಿ ಹತ್ತಬಾರದು. ಹತ್ತಿದರೆ ಫಿಲ್ಟರ್ ಒಡೆದಿದೆ, ಅಥವಾ ಹಿಂದಿನ ಮಾಲೀಕರು ತೆಗೆಸಿದ್ದಾರೆ. ತೆಗೆಸುವುದು ಕಾನೂನಿಗೆ ವಿರುದ್ಧ.

ಡಿಪಿಎಫ್ ತನ್ನೊಳಗಿನ ಮಸಿಯನ್ನು ಸುಮಾರು 600 ಡಿಗ್ರಿ ಬಿಸಿಯಲ್ಲಿ ತಾನೇ ಸುಡುತ್ತದೆ. ಅದಕ್ಕೆ ನಿಲ್ಲದ ಓಟ ಬೇಕು. ನಂತೂರು, ಪಂಪ್‌ವೆಲ್ ಟ್ರಾಫಿಕ್ಕಿನಲ್ಲೇ ತಿರುಗುವ ಗಾಡಿಗೆ ಅದು ಸಿಗುವುದಿಲ್ಲ. ದೀಪ ಹತ್ತಿದರೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಇಪ್ಪತ್ತು–ಮೂವತ್ತು ನಿಮಿಷ ಒಂದೇ ವೇಗದಲ್ಲಿ ಓಡಿಸಿ. ಆಗ ಸುಟ್ಟ ವಾಸನೆ ಬಂದರೆ, ನಿಲ್ಲಿಸಿದ ಮೇಲೂ ಫ್ಯಾನ್ ತಿರುಗಿದರೆ ಗಾಬರಿ ಬೇಡ. ಸುಡುವ ಕೆಲಸ ಪದೇ ಪದೇ ಅರ್ಧಕ್ಕೆ ನಿಂತರೆ ಡೀಸೆಲ್ ಇಂಜಿನ್ ಆಯಿಲಿಗೆ ಇಳಿದು ಡಿಪ್‌ಸ್ಟಿಕ್ ಮಟ್ಟ ಏರುತ್ತದೆ. ಏರಿದ ಆಯಿಲ್ ಲಾಭ ಅಂತ ತಿಳಿಯಬೇಡಿ, ಬದಲಿಸಿ.

ಎಮಿಷನ್ ಟೆಸ್ಟಿನಲ್ಲಿ ಫೇಲ್ ಆಯ್ತು. ಪಾಸ್ ಮಾಡಿಸುವುದು ಹೇಗೆ?

ಚೀಟಿಯಲ್ಲಿ ಯಾವ ಅಂಕಿ ಹೆಚ್ಚಿದೆ ನೋಡಿ, ಅದೇ ದಾರಿ ತೋರಿಸುತ್ತದೆ. ಪೆಟ್ರೋಲಿನಲ್ಲಿ ಕಾರ್ಬನ್ ಮಾನಾಕ್ಸೈಡ್ ಹೆಚ್ಚಿದ್ದರೆ ಇಂಧನ ಜಾಸ್ತಿ. ಹೈಡ್ರೋಕಾರ್ಬನ್ ಮಾತ್ರ ಹೆಚ್ಚಿದ್ದರೆ ಮಿಸ್ಸಿಂಗ್ ಅಥವಾ ಆಯಿಲ್ ಉರಿಯುತ್ತಿದೆ. ಡೀಸೆಲಿನಲ್ಲಿ ಹೊಗೆಯ ಸಾಂದ್ರತೆ ಅಳೆಯುತ್ತಾರೆ. ಟೆಸ್ಟಿಗೆ ಮೊದಲು ಹತ್ತು ಕಿಲೋಮೀಟರ್ ಓಡಿಸಿ, ಇಂಜಿನ್ ಬಿಸಿ ಇರುವಾಗಲೇ ಹೋಗಿ. ಅಷ್ಟಕ್ಕೇ ಪಾಸ್ ಆಗುವ ಗಾಡಿಗಳೂ ಇವೆ. ಸರ್ಟಿಫಿಕೇಟ್ ಇಲ್ಲದೆ ಓಡಿಸಿದರೆ 2019ರ ತಿದ್ದುಪಡಿಯ ನಂತರ ದಂಡ 10,000 ರೂಪಾಯಿ ತನಕ ಇದೆ.

ಕೀ ತೆಗೆದ್ರೂ ಡೀಸೆಲ್ ಇಂಜಿನ್ ನಿಲ್ಲದೆ ಕಿರುಚುತ್ತಾ ಹೊಗೆ ಬಿಡುವ ವಿಡಿಯೋ ನೋಡಿದೆ. ನಿಜವಾ?

ನಿಜ. ಟರ್ಬೋ ಸೀಲ್ ಹೋಗಿ ಇಂಜಿನ್ ತನ್ನ ಆಯಿಲನ್ನೇ ಇಂಧನ ಮಾಡಿಕೊಂಡಿರುತ್ತದೆ. ಗಾಡಿಯೊಳಗಿದ್ದು ಗೇರು ಮ್ಯಾನುವಲ್ ಆಗಿದ್ದರೆ: ಬ್ರೇಕ್ ಪೂರ್ತಿ ಒತ್ತಿ, ಮೇಲಿನ ಗೇರ್ ಹಾಕಿ, ಕ್ಲಚ್ ಒಮ್ಮೆಗೇ ಬಿಡಿ. ಇಂಜಿನ್ ಉಸಿರು ಕಟ್ಟಿ ನಿಲ್ಲುತ್ತದೆ. ಆಗದಿದ್ದರೆ ಇಳಿದು ದೂರ ಹೋಗಿ. ಕೈಯಿಂದ ಗಾಳಿ ಪೈಪ್ ಮುಚ್ಚಲು ಹೋಗಬೇಡಿ.

## ಇನ್ನೂ ಆಳಕ್ಕೆ ಹೋಗುವವರಿಗೆ

ಸೆಕೆಂಡ್ ಹ್ಯಾಂಡ್ ಕಾರು ನೋಡ್ಲಿಕ್ಕೆ ಹೋಗುವಾಗ ಹೊಗೆ ಪರೀಕ್ಷೆ ಹೇಗೆ?

ಬೆಳಗ್ಗೆ ಹೋಗಿ, ಮಾತಿಗೆ ಮೊದಲು ಬಾನೆಟ್ ಮುಟ್ಟಿ. ಬಿಸಿ ಇದ್ದರೆ ಯಾರೋ ಮೊದಲೇ ಸ್ಟಾರ್ಟ್ ಮಾಡಿ ಬೆಳಗಿನ ಹೊಗೆ ಮುಗಿಸಿದ್ದಾರೆ. ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದರೆ ಮಾಲೀಕರಿಂದ ಸ್ಟಾರ್ಟ್ ಮಾಡಿಸಿ, ನೀವು ಹಿಂದೆ ನಿಲ್ಲಿ. ಬಿಸಿಯಾದ ಮೇಲೆ ಎರಡು ನಿಮಿಷ ಐಡಲ್ ಬಿಟ್ಟು ಒಮ್ಮೆ ರೇಸ್ ಮಾಡಿಸಿ. ಇಂಜಿನ್ ಓಡುವಾಗ ಆಯಿಲ್ ಮುಚ್ಚಳ ತೆಗೆದರೆ ರೈಲಿನ ಹಾಗೆ ಹೊಗೆ ಪುಸುಪುಸು ಬಂದರೆ ಸಿಲಿಂಡರಿನ ಒತ್ತಡ ಕೆಳಗೆ ಸೋರುತ್ತಿದೆ.

ರಿಂಗೋ ವಾಲ್ವೋ ಅಂತ ಬಿಚ್ಚದೆ ಹೇಳಬಹುದಾ?

ಪೆಟ್ರೋಲ್ ಇಂಜಿನ್ ಆದರೆ ಕಂಪ್ರೆಷನ್ ಟೆಸ್ಟ್ ಮಾಡಿ. ಸಿಲಿಂಡರುಗಳ ನಡುವೆ ಹತ್ತು–ಹದಿನೈದು ಶೇಕಡಕ್ಕಿಂತ ಹೆಚ್ಚು ವ್ಯತ್ಯಾಸ ಇದ್ದರೆ, ಕಡಿಮೆ ಇರುವುದಕ್ಕೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ರಿಂಗ್, ಏರದಿದ್ದರೆ ವಾಲ್ವ್ ಅಥವಾ ಗ್ಯಾಸ್ಕೆಟ್.

ಕಂಪ್ರೆಷನ್ ಎಲ್ಲ ಸರಿ ಉಂಟು, ಆದ್ರೂ ಆಯಿಲ್ ಹೊಡೀತದೆ. ಹೇಗೆ?

ಪಿಸ್ಟನ್ನಿನಲ್ಲಿ ಮೇಲಿನ ಎರಡು ರಿಂಗ್ ಒತ್ತಡ ಹಿಡಿಯುತ್ತವೆ. ಮೂರನೆಯದು ಗೋಡೆಯ ಆಯಿಲ್ ಬಳಿದು ಕೆಳಗೆ ಕಳಿಸುವ ಆಯಿಲ್ ರಿಂಗ್. ಅದರ ತೂತುಗಳು ಕಾರ್ಬನ್ ಕಟ್ಟಿದರೆ ಕಂಪ್ರೆಷನ್ ಗೇಜಿನಲ್ಲಿ ಏನೂ ಕಾಣುವುದಿಲ್ಲ. ಆಯಿಲ್ ಬದಲಿಸುವುದನ್ನು ಮುಂದೂಡುತ್ತಾ ಬಂದ ಗಾಡಿಗಳಲ್ಲಿ ಇದು ಸಾಮಾನ್ಯ. ಟರ್ಬೋ ಇದ್ದರೆ ಅದರ ಹೋಸ್ ಬಿಚ್ಚಿ ಆಯಿಲ್ ನಿಂತಿದೆಯಾ ನೋಡಿ. ತೆಳುವಾದ ಪದರ ಸಹಜ, ಸುರಿದರೆ ಸಹಜ ಅಲ್ಲ.

ಸ್ಕ್ಯಾನರಲ್ಲಿ ಎರರ್ ಇಲ್ಲ, ಆದ್ರೆ ಪೆಟ್ರೋಲ್ ಕಾರಿಗೆ ಕಪ್ಪು ಹೊಗೆ.

ಎರರ್ ಕೋಡ್ ಬಿಟ್ಟು ಲೈವ್ ಡೇಟಾ ನೋಡಿಸಿ. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು ಕೂಲೆಂಟ್ ಸೆನ್ಸರ್ ಹೊರಗಿನ ತಾಪವನ್ನೇ ತೋರಿಸಬೇಕು. ನಮ್ಮಲ್ಲಿ 26 ಡಿಗ್ರಿ ಇರುವಾಗ ಅದು 5 ಅಂದರೆ, ಕಂಪ್ಯೂಟರ್ ಚಳಿ ಅಂದುಕೊಂಡು ಪೆಟ್ರೋಲ್ ಸುರಿಯುತ್ತದೆ. ಫ್ಯುಯೆಲ್ ಟ್ರಿಮ್ (ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಶೇಕಡಾ ಹೆಚ್ಚು–ಕಡಿಮೆ ಮಾಡುತ್ತಿದೆ ಅನ್ನುವ ಅಂಕಿ) ಸೊನ್ನೆಯಿಂದ ಹತ್ತರೊಳಗೆ ಆಚೀಚೆ ಇದ್ದರೆ ಸರಿ. ಮೈನಸ್ ಇಪ್ಪತ್ತರ ಹತ್ತಿರ ಇದ್ದರೆ, ಕಂಪ್ಯೂಟರ್ ಕಡಿಮೆ ಮಾಡುತ್ತಿದ್ದರೂ ಎಲ್ಲಿಂದಲೋ ಪೆಟ್ರೋಲ್ ಬರುತ್ತಿದೆ: ಸೋರುವ ಇಂಜೆಕ್ಟರ್, ಹೆಚ್ಚಿದ ಒತ್ತಡ, ಇಲ್ಲವೇ ಟ್ಯಾಂಕಿನ ಪೆಟ್ರೋಲ್ ಆವಿಯನ್ನು ಇಂಜಿನ್‌ಗೆ ಬಿಡುವ ಪರ್ಜ್ ವಾಲ್ವ್ ಮುಚ್ಚದಿರುವುದು.

ಕೂಲೆಂಟ್ ಇಳಿದಿಲ್ಲ, ಆಯಿಲ್ ಇಳಿದಿಲ್ಲ, ಬಿಸಿಯಾದ ಮೇಲೂ ಬಿಳಿ ಹೊಗೆ. ಇನ್ನೆಂತ ಉಳಿಯಿತು?

ಬ್ರೇಕ್ ಆಯಿಲ್ ಡಬ್ಬಿ ನೋಡಿ. ಅಪರೂಪ, ಆದರೆ ಆಗುತ್ತದೆ. ಬ್ರೇಕ್ ಆಯಿಲ್ ಒತ್ತುವ ಮಾಸ್ಟರ್ ಸಿಲಿಂಡರಿನ ಹಿಂದಿನ ಸೀಲ್ ಹೋದರೆ ಬ್ರೇಕ್ ಆಯಿಲ್, ಪೆಡಲ್ ಹಗುರ ಮಾಡುವ ಬೂಸ್ಟರಿಗೆ ಇಳಿದು, ಅಲ್ಲಿಂದ ವ್ಯಾಕ್ಯೂಮ್ ಪೈಪಿನಲ್ಲಿ ಇಂಜಿನ್‌ಗೆ ಹೋಗಿ ಉರಿಯುತ್ತದೆ. ಚಕ್ರಗಳ ಬಳಿ ಎಲ್ಲೂ ಸೋರಿಕೆ ಕಾಣುವುದಿಲ್ಲ. ವ್ಯಾಕ್ಯೂಮ್ ಪೈಪ್ ಬಿಚ್ಚಿದಾಗ ಒಳಗೆ ಒದ್ದೆ ಇದ್ದರೆ ಅದೇ. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಬ್ರೇಕ್ ಸರಿಯಾಗುವ ತನಕ ಓಡಿಸಬೇಡಿ.